ಪಿಯುಸಿ ಆಯ್ತು, ಐಎಎಸ್ ಬರೀಬೇಕು: ಬಿಎ ಸೇರಲಾ, ಇಂಜಿನಿಯರಿಂಗಾ?

ಓದುಗರ ಪ್ರಶ್ನೆ: ಪಿಯುಸಿ ಸೈನ್ಸ್ ಮುಗಿದಿದೆ. ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಗಬಹುದು. ಆದರೆ ನನಗೆ ಐಎಎಸ್ ಬರೆಯುವ ಆಸೆ. ಬಿಎ ಮಾಡಿದರೆ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಐಎಎಸ್ ಪರೀಕ್ಷೆ ನಡೆಸುವ ಯುಪಿಎಸ್‌ಸಿಗೆ ನೀವು ಯಾವ ಡಿಗ್ರಿ ಮಾಡಿದ್ದೀರಿ ಅನ್ನೋದು ಮುಖ್ಯವೇ ಅಲ್ಲ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕು. ಇಷ್ಟು ಪರ್ಸೆಂಟ್ ಇರಲೇಬೇಕು ಅನ್ನುವ ನಿಯಮವೂ ಇಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಿಂದಲೇ ಓದಿ ಪಡೆದ ಬಿಎ ಕೂಡ ನಡೆಯುತ್ತದೆ. ಪರೀಕ್ಷೆಯ ವರ್ಷದ ಆಗಸ್ಟ್ 1ಕ್ಕೆ 21 ತುಂಬಿದ್ದರೆ, ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗಲೇ ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆ ಬರೆಯಬಹುದು.

ಇದಕ್ಕೆ ಹತ್ತಿರದ ಒಂದು ಪರೀಕ್ಷೆಯಲ್ಲಿ ಮಾತ್ರ ಡಿಗ್ರಿ ಅಡ್ಡ ಬರುತ್ತದೆ. ಅದು ಭಾರತೀಯ ಅರಣ್ಯ ಸೇವೆ. ಪ್ರಿಲಿಮ್ಸ್ ಎರಡಕ್ಕೂ ಒಂದೇ. ಆದರೆ ಅರಣ್ಯ ಸೇವೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೌತಶಾಸ್ತ್ರ, ಗಣಿತದಂಥ ಒಂದು ವಿಷಯದಲ್ಲಿ ಪದವಿ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಇಂಜಿನಿಯರಿಂಗ್ ಪದವಿ ಬೇಕು. ಕಾಡು, ವನ್ಯಜೀವಿ ಅಂದರೆ ಇಷ್ಟ ಇರುವವರು ಇತಿಹಾಸ, ರಾಜ್ಯಶಾಸ್ತ್ರ ತಗೊಂಡು ಬಿಎ ಸೇರಿದರೆ ಆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಇದು ಎಷ್ಟೋ ಜನಕ್ಕೆ ಡಿಗ್ರಿ ಮುಗಿದ ಮೇಲೆ ಗೊತ್ತಾಗುತ್ತದೆ.

ಹಾಗಾದರೆ ಬಿಎ ಸುಲಭ ಅನ್ನುವ ಮಾತು ಎಲ್ಲಿಂದ ಬಂತು? ಅದರಲ್ಲಿ ಅರ್ಧ ಸತ್ಯ ಇದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರಿಗೆ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಗಳ ಬಹಳಷ್ಟು ಪಾಠ ಕಾಲೇಜಿನಲ್ಲೇ ಆಗಿರುತ್ತದೆ. ಲ್ಯಾಬ್, ಪ್ರಾಜೆಕ್ಟ್ ಕಾಟ ಇಲ್ಲದ್ದರಿಂದ ಓದೋಕೆ ಸಮಯವೂ ಜಾಸ್ತಿ. ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ ಸಿಸ್ಯಾಟ್. 200 ಅಂಕದಲ್ಲಿ ಕನಿಷ್ಠ 66 ಬರಬೇಕು. ಅಷ್ಟು ಬರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಚೆನ್ನಾಗಿ ಮಾಡಿದ್ದರೂ ಅಲ್ಲಿಗೇ ಮುಗಿಯಿತು. ಅದರಲ್ಲಿ ಲೆಕ್ಕ, ತರ್ಕ, ಇಂಗ್ಲಿಷ್ ಪ್ಯಾರಾ ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆಗಳಿರುತ್ತವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಲೆಕ್ಕದ ಪುಸ್ತಕ ಮುಟ್ಟದವರಿಗೆ ಇದು ಸುಮ್ನೆ ದಾಟುವ ಪತ್ರಿಕೆ ಅಲ್ಲ.

ಡಿಗ್ರಿ ನಿಜವಾಗಿ ಕೆಲಸಕ್ಕೆ ಬರುವುದು ಎರಡನೇ ಹಂತದ ಪರೀಕ್ಷೆಯಾದ ಮೇನ್ಸ್‌ನ ಐಚ್ಛಿಕ ವಿಷಯದಲ್ಲಿ, ಅಂದರೆ ಆಪ್ಷನಲ್‌ನಲ್ಲಿ. ಅದಕ್ಕೆ 250 ಅಂಕದ ಎರಡು ಪತ್ರಿಕೆ. ಸಂದರ್ಶನ ಸೇರಿ ಒಟ್ಟು ಅಂಕ 2025, ಅದರಲ್ಲಿ ಇದೇ 500. ಕಾಲು ಭಾಗ ಅಂದುಕೊಳ್ಳಿ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಈ ಪಟ್ಟಿಯಲ್ಲಿವೆ. ಕಂಪ್ಯೂಟರ್ ಸೈನ್ಸ್ ಇಲ್ಲ! ನಮ್ಮಲ್ಲಿ ಎಲ್ಲರೂ ಮುಗಿಬೀಳುವ ಬ್ರಾಂಚ್ ಅದೇ, ಅಲ್ವಾ? ಅದನ್ನು ಓದಿದವರು ಆಪ್ಷನಲ್‌ಗೆ ಬೇರೆ ವಿಷಯ ಹುಡುಕಿಕೊಳ್ಳಬೇಕು.

ಬೇರೆ ವಿಷಯ ಅಂದಾಕ್ಷಣ ಹೆದರುವುದೂ ಬೇಡ. ಕೋಲಾರದ ಕೆ.ಆರ್. ನಂದಿನಿ ಓದಿದ್ದು ಸಿವಿಲ್ ಇಂಜಿನಿಯರಿಂಗ್. ಆ ವಿಷಯ ಪಟ್ಟಿಯಲ್ಲಿದ್ದರೂ ಅವರು ಆರಿಸಿಕೊಂಡದ್ದು ಕನ್ನಡ ಸಾಹಿತ್ಯ. 2016ರ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಮೊದಲ ರ‍್ಯಾಂಕ್ ಬಂದರು. ಕನ್ನಡ ಸಾಹಿತ್ಯ ತಗೊಳ್ಳೋಕೆ ಕನ್ನಡ ಎಂಎ ಆಗಿರಬೇಕಿಲ್ಲ. ಆ ಪತ್ರಿಕೆಗಳನ್ನು ಕನ್ನಡದಲ್ಲೇ ಬರೆಯಬೇಕು, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರಿಸೋದು ಬೇಡ. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಜನ ಅರ್ಜಿ ಹಾಕುತ್ತಾರೆ. 2024ರ ಪರೀಕ್ಷೆಯಲ್ಲಿ ಆಯ್ಕೆಯಾದವರು 1009. ಹಾಗಾಗಿ ಐಎಎಸ್ ಆಗದಿದ್ದರೂ ಅನ್ನಕ್ಕೆ ದಾರಿಯಾಗುವ, ಮೂರ್ನಾಲ್ಕು ವರ್ಷ ಬೇಸರವಿಲ್ಲದೆ ಓದಬಲ್ಲ ಡಿಗ್ರಿ ಆರಿಸಿಕೊಳ್ಳಿ. ಗಣಿತ, ಭೌತಶಾಸ್ತ್ರ ನಿಮಗೆ ಹಿಡಿಸಿದ್ದರೆ ಇಂಜಿನಿಯರಿಂಗ್ ಅಥವಾ ಬಿಎಸ್‌ಸಿ ಸೇರಿ. ಬಿಎ ಸುಲಭವಂತೆ ಅಂತ ಮಾತ್ರ ಅತ್ತ ಹೋಗಬೇಡಿ. ಪಿಯುಸಿಯಲ್ಲೇ ಸೈನ್ಸ್ ಸಾಕಾಗಿ, ಪೇಪರ್‌ನಲ್ಲಿ ರಾಜಕೀಯ, ಇತಿಹಾಸದ ಪುಟ ಹುಡುಕಿ ಓದುವವರಾಗಿದ್ದರೆ ಬಿಎ ಬಗ್ಗೆ ಮನೆಯವರ ಹತ್ತಿರ ಗಟ್ಟಿಯಾಗಿ ಮಾತಾಡಿ. ಆಮೇಲೆ ಎಂಎ, ಎಲ್‌ಎಲ್‌ಬಿ, ಬಿಇಡಿ ದಾರಿಗಳಿವೆ ಅನ್ನೋದನ್ನೂ ಅವರಿಗೆ ಹೇಳಿ.

ಮೊದಲ ವರ್ಷವೇ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಫೀಸು ಕಟ್ಟುವ ಅಗತ್ಯ ನನಗಂತೂ ಕಾಣುವುದಿಲ್ಲ. 6ರಿಂದ 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕ, ದಿನಕ್ಕೊಂದು ಪೇಪರ್, ವಾರಕ್ಕೊಂದು ಪ್ರಬಂಧ ಇದ್ದರೆ ಸಾಕು. ಎರಡನೇ ವರ್ಷದಲ್ಲಿ ಯುಪಿಎಸ್‌ಸಿ ಜಾಲತಾಣದಿಂದ ಹಳೆಯ ಆಪ್ಷನಲ್ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ನಿಮ್ಮ ಡಿಗ್ರಿ ವಿಷಯದ್ದೊಂದು, ಇಷ್ಟದ ಬೇರೆ ವಿಷಯದ್ದೊಂದು ಪಕ್ಕಪಕ್ಕ ಇಟ್ಟು ಓದಿ. ಯಾವುದರ ಪ್ರಶ್ನೆಗೆ ಉತ್ತರ ಹುಡುಕುವ ಮನಸ್ಸಾಗುತ್ತದೆ ನೋಡಿ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಸಂದರ್ಶನವೂ ಕನ್ನಡದಲ್ಲಿ ಆಗಬಹುದು. ಆದರೆ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಡಿಗ್ರಿ ಯಾವುದೇ ಇರಲಿ, ಆ ಮೂರ್ನಾಲ್ಕು ವರ್ಷದಲ್ಲಿ ಇಂಗ್ಲಿಷ್ ಓದು ರೂಢಿ ಮಾಡಿಕೊಳ್ಳಲೇಬೇಕು. ರಾಜ್ಯದ ಆಡಳಿತ ಹುದ್ದೆಗಳಿಗೆ ನಡೆಯುವ ಕೆಎಎಸ್‌ನಲ್ಲಿ ಈ ತೊಡಕಿಲ್ಲ, ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಅಲ್ಲಿ ಈಗ ಆಪ್ಷನಲ್ಲೂ ಇಲ್ಲ. ಆದರೆ 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪ್ರಿಲಿಮ್ಸ್‌ನ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತು ಅಂದರೆ, ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ ಮಾಡಬೇಕಾಯಿತು. ಅಲ್ಲೂ ಇಂಗ್ಲಿಷ್ ಪ್ರಶ್ನೆಯ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.