ಕರೆಂಟಿಲ್ಲ, ಪಂಪಿಲ್ಲ, ಮೈ ತೊಳೆಯುವುದು ಹೇಗೆ?

ಜೂನ್ ಕೊನೆಯ ಗಾಳಿಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಸಾಕು, ಮಂಗಳೂರಿನ ಒಂದಿಡೀ ಬಡಾವಣೆಗೆ ಸ್ನಾನವಿಲ್ಲ. ಹೊರಗೆ ನೀರೋ ನೀರು. ಒಳಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಪಂಪ್ ಓಡದೆ ಟ್ಯಾಂಕ್ ಖಾಲಿ. ಅಪಾರ್ಟ್‌ಮೆಂಟಿನ ಜನರೇಟರ್ ಲಿಫ್ಟಿಗೆ ಮಾತ್ರ ಅಂತ ಗೊತ್ತಾಗುವುದೂ ಅವತ್ತೇ. ಏಪ್ರಿಲ್, ಮೇ ಬಂದರೆ ಕತೆ ಉಲ್ಟಾ. ಕರೆಂಟ್ ಇರುತ್ತದೆ, ನೀರಿರುವುದಿಲ್ಲ. 2019ರ ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ಮಟ್ಟ ಇಳಿದು ಮಂಗಳೂರಿಗೆ ರೇಷನಿಂಗ್ ಬಂತು. ಅದೇ ವರ್ಷ ಸ್ವರ್ಣಾ ನದಿಯ ಬಜೆ ಡ್ಯಾಮ್ ಕೈಕೊಟ್ಟು ಉಡುಪಿಯವರು ಟ್ಯಾಂಕರ್ ಕಾದರು.

ನಾನು ಚರ್ಮರೋಗ ತಜ್ಞೆ. ಈ ಎರಡೂ ಕಾಲದಲ್ಲಿ ನನ್ನ ಕ್ಲಿನಿಕ್ಕಿಗೆ ಜನ ಜಾಸ್ತಿ. ಬಂದವರು ಹೇಳುವುದು ಹೆಚ್ಚಾಗಿ ಒಂದೇ: ‘ಡಾಕ್ಟ್ರೇ, ನೀರಿರಲಿಲ್ಲ, ಸರಿಯಾಗಿ ಸ್ನಾನ ಆಗಲಿಲ್ಲ, ಅದಕ್ಕೇ ತುರಿಕೆ.’ ಬೇಸಿಗೆಯಲ್ಲಿ ಬೆವರುಸಾಲೆ ಎದ್ದವರಿಗೆ ಈ ಮಾತು ಸ್ವಲ್ಪ ಒಪ್ಪುತ್ತದೆ. ಮಳೆಗಾಲದವರಿಗೆ ಒಪ್ಪುವುದಿಲ್ಲ. ಅವರನ್ನು ಕೆದಕಿ ಕೇಳಿದರೆ ಸ್ನಾನ ಆಗಿರುತ್ತದೆ. ಮೈ ಒರೆಸಿದ್ದು ಅರ್ಧಂಬರ್ಧ. ಮೇಲಿಂದ ಹಾಕಿದ ಒಳಬಟ್ಟೆ ಹಸಿ. ನಮ್ಮ ಊರಿನ ಚರ್ಮ ಕೊಳೆಯಿಂದ ಕೆಡುವುದಕ್ಕಿಂತ ಪಸೆಯಿಂದ ಕೆಡುವುದೇ ಹೆಚ್ಚು. ನೀರು ಕಮ್ಮಿ ಇದ್ದಾಗ ಏನು ಮಾಡಬೇಕು ಎನ್ನುವ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇಲ್ಲಿಂದಲೇ ಹುಟ್ಟುವುದು.

ಮೈ ಪೂರ್ತಿ ಒಂದೇ ಥರ ಕೊಳೆಯಾಗುವುದಿಲ್ಲ. ಕೈ, ಕಾಲು, ಬೆನ್ನಿನ ಬೆವರು ಬಹುಮಟ್ಟಿಗೆ ಉಪ್ಪುನೀರು. ಅದಕ್ಕೆ ವಾಸನೆ ಇಲ್ಲ. ಕಂಕುಳು ಮತ್ತು ತೊಡೆಸಂದಿಯ ಗ್ರಂಥಿಗಳೇ ಬೇರೆ. ಅವುಗಳ ಬೆವರಿನಲ್ಲಿ ಕೊಬ್ಬು, ಪ್ರೋಟೀನು ಇರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ವಾಸನೆ ಬಿಡುತ್ತವೆ. ಹಾಗಾಗಿ ಸೋಪು ಬೇಕಾದ್ದು ಕಂಕುಳಿಗೆ, ತೊಡೆಸಂದಿಗೆ, ಹಿಂಭಾಗಕ್ಕೆ, ಪಾದಕ್ಕೆ. ಮುಖ, ಕುತ್ತಿಗೆ, ಎದೆಯ ಕೆಳಗಿನ ಮಡಿಕೆ, ಹೊಟ್ಟೆಯ ಮಡಿಕೆ, ಇವಕ್ಕೆ ನೀರು ತಾಗಿದರೆ ಸಾಕು. ಉಳಿದ ಮೈಗೆ ಎರಡು ದಿನ ಸೋಪು ಬೀಳದಿದ್ದರೆ ಏನೂ ಆಗುವುದಿಲ್ಲ. ನೀರು ಕಮ್ಮಿ ಇರುವಾಗ ಮೈಯಿಡೀ ಸೋಪು ಹಚ್ಚಿಕೊಂಡರೆ ಅದು ಪೂರ್ತಿ ಹೋಗುವುದಿಲ್ಲ, ಉಳಿದ ಸೋಪೇ ತುರಿಕೆ ತರುತ್ತದೆ.

ನಿಮಿಷಕ್ಕೆ 8-10 ಲೀಟರ್ ಬೀಳುವ ಸಾಮಾನ್ಯ ಷವರ್ ಕೆಳಗೆ ಐದು ನಿಮಿಷ ನಿಂತರೆ 40-50 ಲೀಟರ್ ಚರಂಡಿಗೆ ಹೋಯಿತು. ವಿಪತ್ತಿನ ಶಿಬಿರಗಳಿಗೆಂದು ಇರುವ ‘ಸ್ಫಿಯರ್’ ಮಾನದಂಡ ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎನ್ನುತ್ತದೆ. ಮೈ ಶುಚಿಗೆ ಇದರಲ್ಲಿ ಮೂರು ಲೀಟರ್ ಸಿಕ್ಕರೂ ಕೆಲಸ ನಡೆಯುತ್ತದೆ.

ಹೇಗೆ ಅಂದರೆ, ಎರಡು ಪಾತ್ರೆ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಲೀಟರ್, ಇನ್ನೊಂದರಲ್ಲಿ ಎರಡು. ಎರಡು ಸಣ್ಣ ಹತ್ತಿ ಬಟ್ಟೆ. ಹಳೆಯ ಬೈರಾಸು, ಅಂದರೆ ತೆಳು ಹತ್ತಿಯ ಮೈ ಒರೆಸುವ ಬಟ್ಟೆ, ಹರಿದರೆ ಒಳ್ಳೆಯದು. ಟರ್ಕಿ ಟವಲ್ ಬೇಡ, ಅದೇ ಅರ್ಧ ನೀರು ಕುಡಿಯುತ್ತದೆ. ಮೊದಲು ಸೋಪಿಲ್ಲದೆ, ದೊಡ್ಡ ಪಾತ್ರೆಯ ನೀರಿನಲ್ಲಿ ಬಟ್ಟೆ ಅದ್ದಿ ಮುಖ, ಕಿವಿಯ ಹಿಂದೆ, ಕುತ್ತಿಗೆ, ಎದೆ, ಬೆನ್ನು, ಕೈ ಒರೆಸಿ. ಆಮೇಲೆ ಸಣ್ಣ ಪಾತ್ರೆಯ ನೀರಿನಲ್ಲಿ ಎರಡನೇ ಬಟ್ಟೆ ಅದ್ದಿ, ಸ್ವಲ್ಪವೇ ಸೋಪು ಹಚ್ಚಿ ಕಂಕುಳು ಉಜ್ಜಿ. ಮೊದಲ ಬಟ್ಟೆಯಿಂದ ಸೋಪು ತೆಗೆಯಿರಿ. ನಂತರ ಪಾದ, ಬೆರಳಸಂದಿ. ತೊಡೆಸಂದಿ, ಗುಪ್ತಾಂಗ, ಹಿಂಭಾಗ ಕೊನೆಗೆ. ಅಲ್ಲಿಗೆ ಮಾತ್ರ ಬಟ್ಟೆ ಸಾಲದು. ದೊಡ್ಡ ಪಾತ್ರೆಯಲ್ಲಿ ಉಳಿದ ನೀರನ್ನು ಚೆಂಬಿನಲ್ಲಿ ನಿಧಾನ ಹೊಯ್ದು ತೊಳೆಯಿರಿ. ಹೆಂಗಸರು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಒಳಗೆ ಸೋಪು ಬೇಡ.

ಈ ಕ್ರಮಕ್ಕೆ ಕಾರಣವಿದೆ. ಶುಚಿಯಾದ ಜಾಗದಿಂದ ಕೊಳೆ ಜಾಗಕ್ಕೆ ಹೋಗಬೇಕು, ವಾಪಸ್ ಬರಬಾರದು. ಕಾಲಿನಲ್ಲಿ ಫಂಗಸ್ ಇದ್ದವರು ಪಾದ ಉಜ್ಜಿದ ಬಟ್ಟೆಯನ್ನು ತೊಡೆಸಂದಿಗೆ ತಂದರೆ ಫಂಗಸ್ಸೂ ಬರುತ್ತದೆ. ಅಂಥವರು ಪಾದವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಲಿ. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರನ್ನು ನರ್ಸುಗಳು ಶುಚಿ ಮಾಡುವುದೂ ಹೆಚ್ಚುಕಮ್ಮಿ ಹೀಗೆಯೇ. ಮನೆಯಲ್ಲಿ ಅಜ್ಜ, ಅಜ್ಜಿ ಮಲಗಿದಲ್ಲೇ ಇದ್ದರೆ ಬೆನ್ನು, ಸೊಂಟ, ಹಿಮ್ಮಡಿ ಒರೆಸುವಾಗ ಚರ್ಮ ಕೆಂಪಾಗಿದೆಯಾ ಅಂತ ಅದೇ ಹೊತ್ತಿಗೆ ನೋಡಿಬಿಡಿ. ಹಾಸಿಗೆಹುಣ್ಣು ಶುರುವಾಗುವುದು ಅಲ್ಲೇ.

ಆಂಟಿಸೆಪ್ಟಿಕ್ ದ್ರಾವಣ ಎರಡು ಮುಚ್ಚಳ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ದಯವಿಟ್ಟು ಬೇಡ. ನೀರು ಕಮ್ಮಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ತೊಡೆಸಂದಿ ಸುಟ್ಟ ಹಾಗೆ ಕೆಂಪಾಗಿ ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ.

ಇಷ್ಟಾದ ಮೇಲೆ ಉಳಿದ ಅರ್ಧ ಸ್ನಾನ ಒರೆಸುವುದು. ಜುಲೈಯಲ್ಲಿ ನಮ್ಮ ಗಾಳಿಯ ತೇವಾಂಶ ಶೇಕಡ 90ರ ಆಸುಪಾಸು. ಫ್ಯಾನೂ ಇಲ್ಲ. ಹೀಗಿರುವಾಗ ಮೈಯ ನೀರು ತಾನಾಗಿ ಆರುವುದಿಲ್ಲ. ಕಂಕುಳು, ಎದೆಯ ಕೆಳಗೆ, ತೊಡೆಸಂದಿ, ಕಾಲಿನ ಬೆರಳಸಂದಿ, ಇವನ್ನು ಒಣ ಬಟ್ಟೆಯಿಂದ ಒತ್ತಿ ಒತ್ತಿ ಆರಿಸಬೇಕು. ಉಜ್ಜಬಾರದು. ನಾಲ್ಕನೇ ಮತ್ತು ಐದನೇ ಬೆರಳಿನ ನಡುವೆ ಬೈರಾಸಿನ ತುದಿ ತೂರಿಸಿ. ಆ ಸಂದಿಯೇ ಮೊದಲು ಬೆಳ್ಳಗಾಗಿ ಬಿರಿಯುವುದು. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಬಿರುಕು ಸಣ್ಣ ವಿಷಯವಲ್ಲ, ಕಾಲು ಊದಿ ಜ್ವರ ಬರುವುದು ಎಷ್ಟೋ ಸಲ ಅಲ್ಲಿಂದಲೇ. ಪೌಡರ್ ಹಾಕುವುದಿದ್ದರೆ ಪೂರ್ತಿ ಆರಿದ ಮೇಲೆ. ಪಸೆಯ ಮೇಲೆ ಹಾಕಿದ ಪೌಡರ್ ಕೆಸರಾಗಿ ಮಡಿಕೆಯಲ್ಲೇ ಕೂರುತ್ತದೆ.

ಬಟ್ಟೆಯ ಕಷ್ಟ ಇದಕ್ಕಿಂತ ದೊಡ್ಡದು. ಕರೆಂಟ್ ಇದ್ದರೆ ಇಸ್ತ್ರಿಪೆಟ್ಟಿಗೆಯಾದರೂ ಇತ್ತು. ಹಳೆ ಮನೆಗಳಲ್ಲಿ ಬಚ್ಚಲು ಒಲೆಯ ಮೇಲೊಂದು ಹಗ್ಗ ಇರುತ್ತಿತ್ತು. ತೆಂಗಿನ ಗರಿ, ಸಿಪ್ಪೆ ಉರಿಸಿ ಹಂಡೆ ಕಾಯಿಸುವ ಬಿಸಿಗೇ ಬಟ್ಟೆ ಒಣಗುತ್ತಿತ್ತು. ಹೊಗೆ ವಾಸನೆ ಇರಲಿ, ಒಣಗಿರುತ್ತಿತ್ತಲ್ವಾ? ಫ್ಲ್ಯಾಟಿನಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ನೀರು, ಬಿಸಿಲು ಎರಡೂ ಕಮ್ಮಿ ಇರುವ ದಿನಗಳಲ್ಲಿ ಒಳಬಟ್ಟೆಗೆ ಮೊದಲ ಪಾಲು ಕೊಡಿ. ಷರ್ಟು ಎರಡು ದಿನ ಹಾಕಬಹುದು, ಚಡ್ಡಿ ಹಾಕಬಾರದು. ಜೀನ್ಸ್ ಕಪಾಟಿನಲ್ಲೇ ಇರಲಿ. ಒಗೆದ ಒಳಬಟ್ಟೆಯನ್ನು ಒಣ ಬೈರಾಸಿನಲ್ಲಿ ಸುತ್ತಿ ಹಿಂಡಿ ಹರಡಿದರೆ ಬೇಗ ಒಣಗುತ್ತದೆ. ಒಂದೇ ಬೈರಾಸು ಇಡೀ ಮನೆಗೆ ಓಡಾಡುವುದು ನಿಲ್ಲಲಿ. ಹುಳಕಡ್ಡಿ ಮನೆಯ ಒಬ್ಬರಿಂದ ಎಲ್ಲರಿಗೂ ಹಬ್ಬುವ ದಾರಿಗಳಲ್ಲಿ ಅದೂ ಒಂದು.

ಬಿಸಿನೀರು ಬೇಕೇ ಬೇಕು ಎನ್ನುವವರಿಗೆ ಒಂದು ಸುಲಭ ಅಳತೆ. ಒಂದು ಲೀಟರ್ ಕುದಿಯುವ ನೀರಿಗೆ ನಾಲ್ಕು ಲೀಟರ್ ತಣ್ಣೀರು ಸೇರಿಸಿದರೆ ನಮ್ಮ ಸೆಕೆಯ ಊರಿನಲ್ಲಿ ಸುಮಾರು 40 ಡಿಗ್ರಿಯ ಹದ ಬರುತ್ತದೆ. ಅಡುಗೆ ಗ್ಯಾಸಿನಲ್ಲಿ ಐದೇ ನಿಮಿಷದ ಕೆಲಸ. ಬಾಲ್ದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಕ್ಕಳಿರುವ ಮನೆಯಲ್ಲಿ ಈ ಕ್ರಮ ತಪ್ಪಲೇಬಾರದು. ಬೇಸಿಗೆಯಲ್ಲಾದರೆ ಇದೂ ಬೇಡ. ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ.

ಗ್ಯಾಸ್ ಗೀಸರ್ ಬಗ್ಗೆ ಮಾತ್ರ ಸ್ವಲ್ಪ ಹೆದರಿಸಿಯೇ ಹೇಳುತ್ತೇನೆ. ಟ್ಯಾಂಕಿನಲ್ಲಿ ನೀರುಳಿದಿದ್ದರೆ ಇದು ಕರೆಂಟಿಲ್ಲದೆಯೂ ಓಡುತ್ತದೆ, ಹಾಗಾಗಿ ಮಳೆಗಾಲದಲ್ಲಿ ಜನ ಇದನ್ನೇ ನಂಬುತ್ತಾರೆ. ಆದರೆ ಕರೆಂಟ್ ಹೋದಾಗ ಎಕ್ಸಾಸ್ಟ್ ಫ್ಯಾನೂ ನಿಂತಿರುತ್ತದೆ. ಎರಚಲಿಗೆ ಕಿಟಕಿ ಮುಚ್ಚಿರುತ್ತೀರಿ. ಸಣ್ಣ ಬಾತ್‌ರೂಮಿನಲ್ಲಿ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ನಮ್ಮ ದೇಶದಲ್ಲಿ ಜನ ಹೀಗೆ ಬಾತ್‌ರೂಮಿನಲ್ಲೇ ಸತ್ತಿದ್ದಾರೆ. ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿಯಾಡುವಲ್ಲಿ ಇರಬೇಕು. ಒಳಗೇ ಇದ್ದರೆ ಬಾಲ್ದಿ ತುಂಬಿಸಿ, ಆರಿಸಿ, ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಕೆಂಡದ ಬಕೆಟ್ಟನ್ನು ಬಟ್ಟೆ ಒಣಗಿಸಲೆಂದು ಮುಚ್ಚಿದ ಕೋಣೆಯಲ್ಲಿ ಇಡುವುದೂ ಇದೇ ಅಪಾಯ.

ನೀರು ಎಲ್ಲಿಂದ? ಮಳೆಗಾಲದಲ್ಲಿ ಉತ್ತರ ತಲೆಯ ಮೇಲೆಯೇ ಇದೆ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 20 ಚದರ ಮೀಟರ್ ಮಾಡಿಗೆ 50 ಮಿಲಿಮೀಟರ್ ಬಿದ್ದರೆ 1000 ಲೀಟರ್. ಅಷ್ಟು ಮಳೆ ನಮಗೆ ಒಂದು ರಾತ್ರಿಯ ಮಾತು. ಮೊದಲ ಹತ್ತು-ಹದಿನೈದು ನಿಮಿಷದ ನೀರು ಬಿಟ್ಟು, ಆಮೇಲೆ ಬಟ್ಟೆ ಕಟ್ಟಿ ಹಿಡಿಯಿರಿ. ಮೈಗೆ, ಬಟ್ಟೆಗೆ ಅದು ಬಾವಿ ನೀರಿಗಿಂತಲೂ ಮೃದು, ಸೋಪು ಚೆನ್ನಾಗಿ ನೊರೆ ಬರುತ್ತದೆ. ಕುಡಿಯುವುದಕ್ಕೆ ಬೇಡ.

ಹಿತ್ತಿಲಲ್ಲಿ ಬಾವಿ ಇದ್ದವರು ರಾಟೆ, ಹಗ್ಗ ಬಿಸಾಡಬೇಡಿ. ಪಂಪ್ ಹಾಕಿಸಿದ ದಿನವೇ ರಾಟೆ ಗುಜರಿಗೆ ಹೋದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನೆರೆ ನೀರು ಬಾವಿಗೆ ಇಳಿದಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿ: 1000 ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅಂದರೆ 24 ಗ್ರಾಂ ಸಾಕು. ಕಣ್ಣಳತೆಯಲ್ಲಿ ಅರ್ಧ ಪ್ಯಾಕೆಟ್ ಸುರಿದರೆ ಮೈ ಉರಿಯುತ್ತದೆ. ಪುಡಿಯನ್ನು ನೇರ ಹಾಕದೆ ಬಾಲ್ದಿಯಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಇಳಿಸಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು, ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ಇನ್ನೂ ಒಳ್ಳೆಯದು. ನೀರು ತೀರಾ ಕೆಂಪಾಗಿ ಕದಡಿದ್ದರೆ ಕ್ಲೋರಿನ್ ಕೆಲಸ ಮಾಡುವುದು ಕಮ್ಮಿ, ಮೊದಲು ತಿಳಿಯಾಗಲಿ. ಬೇಸಿಗೆಯಲ್ಲಿ ಕಡಲ ಬದಿಯ ಬಾವಿಗಳು ಉಪ್ಪಾಗುತ್ತವೆ. ಆ ನೀರಲ್ಲಿ ಸೋಪು ನೊರೆ ಬರುವುದಿಲ್ಲ ಅಂತ ಇನ್ನಷ್ಟು ಉಜ್ಜಬೇಡಿ. ಒಂದು ಚೆಂಬು ಸಿಹಿನೀರು ಕೊನೆಗೆ ಹೊಯ್ದು, ಒರೆಸಿ, ಕೈಕಾಲಿಗೆ ನಾಲ್ಕು ಹನಿ ತೆಂಗಿನೆಣ್ಣೆ ಸವರಿದರೆ ತುರಿಕೆ ಬಹಳ ಮಟ್ಟಿಗೆ ತಡೆಯುತ್ತದೆ. ಎಣ್ಣೆ ಮಡಿಕೆಗಳಿಗೆ ಮಾತ್ರ ಬೇಡ.

ರಸ್ತೆಯ ನೀರಲ್ಲಿ ನಡೆದು ಬಂದವರು, ಮೈಗೆ ನೀರಿಲ್ಲದಿದ್ದರೂ ಕಾಲಿಗೆ ಒಂದು ಚೆಂಬು ಮತ್ತು ಸೋಪು ಮೀಸಲಿಡಲೇಬೇಕು. ಇಲಿ ಮೂತ್ರ ಬೆರೆತ ನೀರು ಕಾಲಿನ ಗಾಯದಿಂದ ಒಳಗೆ ಹೋದರೆ ಇಲಿಜ್ವರ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಎರಡೂ ಜಿಲ್ಲೆಗಳಿಗೆ ಇದು ಮಳೆಗಾಲದ ಹಳೆಯ ಕಾಟ. ಜೋರು ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು, ಇಷ್ಟು ಕಂಡರೆ ಸ್ನಾನದ ಮಾತು ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಕೈಗೆ ಮಾತ್ರ ಕಂಜೂಸು ಬೇಡ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಹಿಚುಕಿದರೆ ಅರ್ಧ ಲೋಟದಲ್ಲಿ ಸೋಪು ಹಾಕಿ ಕೈ ತೊಳೆಯಬಹುದು. ಸ್ಯಾನಿಟೈಸರ್ ಕೆಸರು, ಜಿಡ್ಡಿನ ಕೈಗೆ ಆಗುವುದಿಲ್ಲ. ಮುಟ್ಟಿನ ದಿನಗಳಲ್ಲಿ ನೀರಿಲ್ಲ ಅಂತ ಪ್ಯಾಡನ್ನು ದಿನವಿಡೀ ಇಟ್ಟುಕೊಳ್ಳುವ ಹುಡುಗಿಯರಿದ್ದಾರೆ. ಬದಲಿಸಲು ನೀರು ಬೇಡ, ಒರೆಸಲು ಒದ್ದೆ ಬಟ್ಟೆ ಸಾಕು. ತಲೆಸ್ನಾನ ನಾಲ್ಕು ದಿನಕ್ಕೊಮ್ಮೆ ಆದರೂ ಅಡ್ಡಿಯಿಲ್ಲ, ಒದ್ದೆ ಮಂಡೆಯನ್ನು ಕಟ್ಟಿ ಮಲಗಬೇಡಿ ಅಷ್ಟೆ.

ಹಿಡಿದಿಟ್ಟ ನೀರಿಗೆ ಬಿಗಿ ಮುಚ್ಚಳ ಇರಲಿ. ಡೆಂಗಿಯ ಈಡಿಸ್ ಸೊಳ್ಳೆಗೆ ಬೇಕಾದ್ದು ಇಂಥ ಶುಚಿ ನೀರೇ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. 2019ರ ಮಳೆಗಾಲದಲ್ಲಿ ಮಂಗಳೂರು ಡೆಂಗಿಗೆ ಎಷ್ಟು ಒದ್ದಾಡಿತು ಅಂತ ಇಲ್ಲಿಯವರಿಗೆ ನೆನಪಿದೆ. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಒಳಗೋಡೆ ಉಜ್ಜಬೇಕು, ಸುಮ್ನೆ ನೀರು ಚೆಲ್ಲಿದರೆ ಗೋಡೆಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ತೊಡೆಸಂದಿಯಲ್ಲಿ ಉಂಗುರದ ಹಾಗೆ ಕೆಂಪು ಅಂಚು ಎದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬ್ ತರಬೇಡಿ. ಹಾಗೆ ಸಿಗುವ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಬೆರೆತವೇ ಜಾಸ್ತಿ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ, ಹಚ್ಚುವುದು ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಾಣಂತಿಯ ಹೊಟ್ಟೆಯಂತೆ ಗೆರೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ಆಗಲೇ ಹಚ್ಚಿ ಆಗಿದ್ದರೆ ವೈದ್ಯರಲ್ಲಿಗೆ ಬರುವಾಗ ಆ ಟ್ಯೂಬನ್ನೂ ಕಿಸೆಯಲ್ಲಿ ಹಾಕಿಕೊಂಡು ಬನ್ನಿ.