ಮಾರ್ಗ ಉದ್ದವಾಗಿರಲಿಲ್ಲ, ಗಡಿಯಾರವೂ ಕೆಟ್ಟಿರಲಿಲ್ಲ

ಮ್ಯಾರಥಾನ್‌ಗಳ ಕಾಲ ಮುಗಿಯುತ್ತಾ ಬಂದಂತೆ ದೂರದ ಓಟಗಾರರಿಂದ ನನಗೆ ನಾನಾ ಬಗೆಯ ದೂರುಗಳು ಬರುತ್ತವೆ. ಅವುಗಳಲ್ಲಿ ಒಂದು ಮಾತ್ರ ವರ್ಷದಿಂದ ವರ್ಷಕ್ಕೆ ಒಂದಕ್ಷರವೂ ಬದಲಾಗದೆ ಬರುತ್ತದೆ: “ಸರ್, ಮಾರ್ಗವನ್ನು ಸರಿಯಾಗಿ ಅಳೆದಿಲ್ಲ. ನನ್ನ ವಾಚಿನಲ್ಲಿ ದೂರ ಜಾಸ್ತಿ ಬಂದಿದೆ.” ಹೀಗೆ ಹೇಳುವವರು ವೈದ್ಯರು, ಎಂಜಿನಿಯರುಗಳು, ಲೆಕ್ಕಪರಿಶೋಧಕರು, ತಮ್ಮ ವೃತ್ತಿಯಲ್ಲಿ ಯಾವ ಅಂಕಿಯನ್ನೂ ಪರೀಕ್ಷಿಸದೆ ಒಪ್ಪದವರು. ಮಣಿಕಟ್ಟಿನ ಮೇಲೆ ಮೂಡುವ ಅಂಕಿಯನ್ನು ಮಾತ್ರ ಅವರು ಪ್ರಶ್ನಿಸುವುದಿಲ್ಲ.

ನನ್ನ ಬಳಿ ತರಬೇತಿ ಪಡೆಯುವ ಐವತ್ತರ ಆಸುಪಾಸಿನ ಬ್ಯಾಂಕ್ ಅಧಿಕಾರಿಯೊಬ್ಬರು ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಮುಗಿಸಬೇಕೆಂದು ಒಂದು ವರ್ಷ ದುಡಿದರು. ಬೆಳಗಿನ ನಾಲ್ಕೂವರೆಗೆ ಎದ್ದು ಕಬ್ಬನ್ ಪಾರ್ಕಿಗೆ ಬರುತ್ತಿದ್ದ ಅವರು ಮಳೆಯ ದಿನವೂ ತಪ್ಪಿಸಿಕೊಂಡವರಲ್ಲ. ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡಿನ ವೇಗ ಹಿಡಿದರೆ 42.195 ಕಿ.ಮೀ. 3 ಗಂಟೆ 59 ನಿಮಿಷ 48 ಸೆಕೆಂಡಿಗೆ ಮುಗಿಯುತ್ತದೆ. ಅವರು ಆ ವೇಗವನ್ನು ಗಡಿಯಾರದಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಕಾಯ್ದುಕೊಂಡರು. ಆದರೆ ಅಂತಿಮ ಗೆರೆ ದಾಟಿದಾಗ ಅಧಿಕೃತ ಸಮಯ 4 ಗಂಟೆ 2 ನಿಮಿಷ 40 ಸೆಕೆಂಡು, ಗಡಿಯಾರದಲ್ಲಿ ದೂರ 42.7 ಕಿ.ಮೀ. ಸಂಘಟಕರಿಗೆ ಬರೆಯಲೆಂದು ಸಿದ್ಧಪಡಿಸಿದ್ದ ದೂರಿನ ಪತ್ರವನ್ನು ಆ ರಾತ್ರಿಯೇ ಅವರು ನನಗೆ ಕಳುಹಿಸಿದ್ದರು. ಅದನ್ನು ಓದುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ಆ ಎರಡು ನಿಮಿಷ ನಲವತ್ತು ಸೆಕೆಂಡು ಅವರ ಕಾಲುಗಳಲ್ಲಿ ಇತ್ತು, ಲೆಕ್ಕದಲ್ಲಿ ಕಳೆದುಹೋಗಿತ್ತು.

ಪ್ರಮಾಣೀಕೃತ ಮಾರ್ಗವನ್ನು ಅಳೆಯುವ ಕ್ರಮವನ್ನು ಒಮ್ಮೆ ನೋಡಿದವರು ಅಂತಹ ಪತ್ರವನ್ನು ಬರೆಯಲಾರರು. ವಾಚು ನೆಚ್ಚಿಕೊಂಡಿರುವ ಉಪಗ್ರಹಕ್ಕೆ ಅಲ್ಲಿ ಕೆಲಸವೇ ಇಲ್ಲ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆಯಂತ್ರವನ್ನು ಅಳವಡಿಸುತ್ತಾರೆ. ಉಕ್ಕಿನ ಟೇಪಿನಿಂದ ಅಳೆದಿಟ್ಟ ನೇರ ರಸ್ತೆಯ ತುಂಡೊಂದರ ಮೇಲೆ ಆ ಸೈಕಲನ್ನು ಹಲವು ಬಾರಿ ಓಡಿಸಿ, ಒಂದು ಕಿಲೋಮೀಟರಿಗೆ ಎಷ್ಟು ಎಣಿಕೆ ಎಂದು ನಿಗದಿಪಡಿಸುತ್ತಾರೆ. ಬಿಸಿಲೇರಿದಂತೆ ಟೈರಿನ ಗಾಳಿಯ ಒತ್ತಡ ಬದಲಾಗಿ ಚಕ್ರದ ಸುತ್ತಳತೆಯೂ ಬದಲಾಗುವುದರಿಂದ, ಮಾರ್ಗವನ್ನು ಅಳೆದು ಮುಗಿಸಿದ ಮೇಲೆ ಅದೇ ತುಂಡಿನ ಮೇಲೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಓಟಗಾರನೊಬ್ಬ ಕ್ರಮಿಸಬಹುದಾದ ಅತಿ ಹತ್ತಿರದ ದಾರಿಯನ್ನು, ಎಂದರೆ ತಿರುವುಗಳಲ್ಲಿ ರಸ್ತೆಯಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಸಾಗುವ ದಾರಿಯನ್ನು ಅಳೆಯಲಾಗುತ್ತದೆ. ಇಷ್ಟಾದ ಮೇಲೂ ಮಾರ್ಗ ಗಿಡ್ಡವಾಗಿಬಿಟ್ಟೀತೆಂಬ ಎಚ್ಚರಿಕೆಯಿಂದ ಪ್ರತಿ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚುವರಿ ಸೇರಿಸುತ್ತಾರೆ. ಇಡೀ ಮ್ಯಾರಥಾನಿಗೆ ಅದು 42 ಮೀಟರ್ ಆಗುತ್ತದೆ, 500 ಮೀಟರ್ ಆಗುವುದಿಲ್ಲ. ಪ್ರಮಾಣೀಕರಣವಿಲ್ಲದ ಓಟಗಳೂ ನಮ್ಮಲ್ಲಿ ನಡೆಯುತ್ತವೆ, ಅವುಗಳಲ್ಲಿ ಅಳತೆ ನಿಜವಾಗಿಯೂ ತಪ್ಪಿರಬಹುದು. ಆದ್ದರಿಂದ ನೋಂದಾಯಿಸುವ ಮುನ್ನ ಅದನ್ನು ಕೇಳಿ ತಿಳಿಯುವುದು ಒಳ್ಳೆಯದು.

ಹಾಗಾದರೆ ಉಳಿದ ದೂರ ಬಂದದ್ದೆಲ್ಲಿಂದ? ಗಡಿಯಾರ ದೂರವನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ ಎಂಬುದನ್ನು ನಾನು ಎಷ್ಟು ಬಾರಿ ಹೇಳಿದರೂ ಸಾಲದು. ಉಪಗ್ರಹಗಳಿಂದ ಸಂಕೇತ ಬಂದು ತಲುಪಿದ ಸಮಯವನ್ನು ಲೆಕ್ಕ ಹಾಕಿ ಅದು ತನ್ನ ಸ್ಥಾನವನ್ನು ಗುರುತಿಸುತ್ತದೆ. ಆ ಸಂಕೇತ ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಡವಾದರೂ ಲೆಕ್ಕ 30 ಮೀಟರ್ ತಪ್ಪುತ್ತದೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೆಟ್ರೋ ಸೇತುವೆಯ ಪಕ್ಕದಲ್ಲಿ ಓಡುವಾಗ ಸಂಕೇತ ಕಾಂಕ್ರೀಟಿಗೋ ಗಾಜಿನ ಗೋಡೆಗೋ ಬಡಿದು ಸುತ್ತಿಕೊಂಡು ಬರುತ್ತದೆ. ಕಬ್ಬನ್ ಪಾರ್ಕಿನಲ್ಲಿ ಅದು ಮರಗಳ ದಟ್ಟ ಚಪ್ಪರದಡಿ ಕ್ಷೀಣಿಸುತ್ತದೆ. ಬಯಲಿನಲ್ಲೂ ಕೆಲವು ಮೀಟರುಗಳ ಏರುಪೇರು ಸಾಮಾನ್ಯ.

“ತಪ್ಪು ಎರಡೂ ಕಡೆಗೆ ಆಗುತ್ತದಲ್ಲ, ಕೊನೆಗೆ ಸರಿಹೋಗಬೇಕಲ್ಲವೇ?” ಎಂದು ಜಾಣರು ಕೇಳುತ್ತಾರೆ. ಸರಿಹೋಗುವುದಿಲ್ಲ. ಅಂಗಳದಲ್ಲಿ ರಂಗೋಲಿಗೆಂದು ಒಂದೇ ಸಾಲಿನಲ್ಲಿ ನೇರವಾಗಿ ಚುಕ್ಕಿಗಳನ್ನು ಇಟ್ಟು ಜೋಡಿಸಿದರೆ ಗೆರೆಯ ಉದ್ದ ಇಷ್ಟೇ ಎಂದಿರುತ್ತದೆ. ಅದೇ ಚುಕ್ಕಿಗಳನ್ನು ನಡುಗುವ ಕೈಯಿಂದ ಒಂದನ್ನು ತುಸು ಎಡಕ್ಕೆ, ಇನ್ನೊಂದನ್ನು ತುಸು ಬಲಕ್ಕೆ ಇಟ್ಟು ಜೋಡಿಸಿ ನೋಡಿ. ಚುಕ್ಕಿಗಳ ತಪ್ಪು ಎಡಬಲಕ್ಕೆ ಸಮವಾಗಿದ್ದರೂ ಗೆರೆ ಸೊಟ್ಟಗಾಗುತ್ತದೆ, ಸೊಟ್ಟ ಗೆರೆ ನೇರ ಗೆರೆಗಿಂತ ಉದ್ದವೇ ಇರುತ್ತದೆ. ತಯಾರಕರು ಈ ಸೊಟ್ಟನ್ನು ನಯಗೊಳಿಸುವ ಲೆಕ್ಕಾಚಾರಗಳನ್ನು ಅಳವಡಿಸಿದ್ದಾರೆ, ಆದರೆ ಪೂರ್ತಿ ಅಳಿಸಲು ಯಾರಿಂದಲೂ ಆಗಿಲ್ಲ. ಇನ್ನು ಬ್ಯಾಟರಿ ಉಳಿಸುವ ವಿಧಾನದಲ್ಲಿ ಚುಕ್ಕಿಗಳೇ ವಿರಳವಾಗುವುದರಿಂದ, ಬಾಗಿದ ದಾರಿಯಲ್ಲಿ ಗಡಿಯಾರ ತಿರುವನ್ನೇ ಕತ್ತರಿಸಿ ದೂರವನ್ನು ಕಡಿಮೆ ತೋರಿಸಲೂಬಹುದು.

ಇದರ ಜೊತೆಗೆ ಓಟಗಾರರು ನಿಜಕ್ಕೂ ಹೆಚ್ಚು ಓಡಿರುತ್ತಾರೆ. ಅತಿ ಹತ್ತಿರದ ದಾರಿಗಿಂತ 8 ಮೀಟರ್ ಹೊರಗಿನಿಂದ ಕಾಲುವೃತ್ತದ ಒಂದು ತಿರುವನ್ನು ದಾಟಿದರೆ ಸುಮಾರು ಹನ್ನೆರಡೂವರೆ ಮೀಟರ್ ಹೆಚ್ಚಾಗುತ್ತದೆ. ಹಿಂತಿರುಗುವ ತಿರುವಾದರೆ ಅದರ ಎರಡರಷ್ಟು. ನೀರಿನ ಮೇಜಿನತ್ತ ಸರಿಯುವುದು, ಗುಂಪನ್ನು ಬಳಸಿಕೊಂಡು ಮುಂದೆ ಹೋಗುವುದು, ಪರಿಚಿತರನ್ನು ಕಂಡು ರಸ್ತೆಯ ಆಚೆ ಬದಿಗೆ ಓಡುವುದು, ಇವೆಲ್ಲವೂ ಸೇರುತ್ತವೆ. ನಂಬದವರನ್ನು ನಾನು 400 ಮೀಟರ್ ಟ್ರ್ಯಾಕಿಗೆ ಕರೆದೊಯ್ದು ಎಂಟನೆಯ ಲೇನಿನಲ್ಲಿ ಪೂರ್ತಿ ಒಂದು ಸುತ್ತು ಹಾಕಿಸುತ್ತೇನೆ. ಅದು 453 ಮೀಟರ್. ಅದೇ ಕ್ರೀಡಾಂಗಣ, ಅದೇ ಒಂದು ಸುತ್ತು, ಆದರೂ 53 ಮೀಟರ್ ಹೆಚ್ಚು.

ಆದ್ದರಿಂದ ನನ್ನ ಸಲಹೆ ಇಷ್ಟು. ಸ್ಪರ್ಧೆಯ ದಿನ ಗಡಿಯಾರ ತಾನಾಗಿ ಲ್ಯಾಪ್, ಎಂದರೆ ಪ್ರತಿ ಕಿಲೋಮೀಟರಿನ ಕೊನೆಯನ್ನು, ಗುರುತಿಸುವ ಸೌಲಭ್ಯವನ್ನು ನಿಲ್ಲಿಸಿಬಿಡಿ, ರಸ್ತೆ ಬದಿಯ ಫಲಕಗಳ ಬಳಿ ನೀವೇ ಗುಂಡಿ ಒತ್ತಿ. ಬಿಡಿ ಕಿಲೋಮೀಟರ್ ಫಲಕಗಳನ್ನು ಕೆಲವೊಮ್ಮೆ ಕಂಬ ಸಿಕ್ಕಲ್ಲಿ ಕಟ್ಟಿರುತ್ತಾರಾದ್ದರಿಂದ ಐದು ಕಿಲೋಮೀಟರಿಗೊಮ್ಮೆ ನೋಡಿದರೆ ಸಾಕು. ನಾಲ್ಕು ಗಂಟೆಯ ಗುರಿಯಿದ್ದರೆ 10 ಕಿ.ಮೀ. ಫಲಕದಲ್ಲಿ 56 ನಿಮಿಷ 50 ಸೆಕೆಂಡು, ಅರ್ಧದಲ್ಲಿ 1 ಗಂಟೆ 59 ನಿಮಿಷ 54 ಸೆಕೆಂಡು, 30 ಕಿ.ಮೀ.ಯಲ್ಲಿ 2 ಗಂಟೆ 50 ನಿಮಿಷ 30 ಸೆಕೆಂಡು ಎಂದು ಮುಂಗೈ ಮೇಲೆ ಬರೆದುಕೊಳ್ಳಿ. ಗಡಿಯಾರದ ವೇಗವನ್ನೇ ನೋಡುತ್ತೇನೆ ಎನ್ನುವವರು 5 ನಿಮಿಷ 41 ಸೆಕೆಂಡಿನ ಬದಲು 5 ನಿಮಿಷ 37 ಸೆಕೆಂಡನ್ನು ಗುರಿಯಾಗಿಟ್ಟುಕೊಳ್ಳಲಿ. ಬ್ಯಾಂಕ್ ಅಧಿಕಾರಿಯವರಿಗೆ ತಪ್ಪಿದ್ದು ಈ ನಾಲ್ಕು ಸೆಕೆಂಡು. ಕ್ಷಣಕ್ಷಣದ ವೇಗವನ್ನಂತೂ ಪರದೆಯಿಂದಲೇ ತೆಗೆದುಹಾಕುವುದು ಮೇಲು.

ಗಡಿಯಾರ ಕೊಳ್ಳುವವರಿಗೆ ಹೆಚ್ಚೇನೂ ಹೇಳಬೇಕಿಲ್ಲ. ಬೆವರಿದ ಬೆರಳಿಗೂ ಸಿಗುವ ನಿಜವಾದ ಗುಂಡಿಗಳಿರಲಿ, ಬ್ಯಾಟರಿ ನಿಮ್ಮ ಓಟದ ಅವಧಿಗಿಂತ ಗಂಟೆಗಳಷ್ಟು ಹೆಚ್ಚು ಬಾಳಲಿ. ಎತ್ತರದ ಕಟ್ಟಡಗಳ ನಡುವೆ ಓಡುವವರಿಗೆ ಎರಡು ತರಂಗಾಂತರಗಳ ಸಂಕೇತ ಹಿಡಿಯುವ ಗಡಿಯಾರದಿಂದ ಪ್ರಯೋಜನವಿದೆ. ಅದರಲ್ಲೂ ತಪ್ಪು ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಇದೇ ತಪ್ಪು ತಿಳಿವಳಿಕೆ ಶೂಗಳ ಆಯ್ಕೆಗೂ ಅಂಟಿಕೊಂಡಿದೆ. ಅಟ್ಟೆಯೊಳಗೆ ಕಾರ್ಬನ್ ಪಟ್ಟಿಯಿರುವ ದುಬಾರಿ ಶೂ ಹಾಕಿ ಪಾರ್ಕಿನಲ್ಲಿ ಒಂದು ಸುತ್ತು ಓಡಿ, ಕಿಲೋಮೀಟರಿಗೆ ಆರು ಸೆಕೆಂಡು ಉಳಿಯಿತು ಎಂದು ಹಿಗ್ಗುವವರನ್ನು ಪ್ರತಿ ತಿಂಗಳೂ ನೋಡುತ್ತೇನೆ. ಮರಗಳ ಕೆಳಗೆ ಗಡಿಯಾರದ ತಪ್ಪೇ ಅಷ್ಟಿರಬಹುದು. 2017ರಲ್ಲಿ ಪ್ರಕಟವಾದ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನ ಇಂತಹ ಶೂ ಸರಾಸರಿ ಶೇ 4ರಷ್ಟು ಶಕ್ತಿ ಉಳಿಸುತ್ತದೆಂದು ಕಂಡುಕೊಂಡಿತು ನಿಜ. ಆದರೆ ಅಲ್ಲಿ ಓಡಿದವರು 10 ಕಿ.ಮೀ.ಯನ್ನು 31 ನಿಮಿಷದೊಳಗೆ ಮುಗಿಸಬಲ್ಲ 18 ಮಂದಿ. ಅವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಉಸಿರಾಟದ ಆಮ್ಲಜನಕವನ್ನು ಅಳೆದು ಆ ಅಂಕಿಯನ್ನು ಪಡೆದರು. ಶೇ 4ರಷ್ಟು ಶಕ್ತಿ ಉಳಿದರೆ ಸಮಯವೂ ಅಷ್ಟೇ ಉಳಿಯುತ್ತದೆಂದು ಭಾವಿಸಬಾರದು, ನಿಧಾನವಾಗಿ ಓಡುವವರಿಗೆ ಅದೇ ಲಾಭ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಶೂ ಹೋಲಿಸಬೇಕೆಂದಿದ್ದರೆ ಟ್ರ್ಯಾಕಿನ ಒಳ ಲೇನಿನಲ್ಲಿ ಸುತ್ತುಗಳನ್ನು ಎಣಿಸಿ ಹೋಲಿಸಿ. ಅದಕ್ಕಿಂತ ಮೊದಲು, ಪಾದ ತುಸು ಊದಿರುವ ಸಂಜೆಯ ವೇಳೆ ಓಟದ ಸಾಕ್ಸ್ ಹಾಕಿಕೊಂಡು ಅಂಗಡಿಗೆ ಹೋಗಿ, ಬೆರಳ ತುದಿಯ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿದೆಯೇ, ಪಾದದ ಬದಿಗಳು ಹಿಂಡುತ್ತಿಲ್ಲವೇ ಎಂದು ನೋಡಿ. ಮಂಡಿ ನೋವಿದ್ದವರು ಶೂ ಬದಲಿಸುವ ಮುಂಚೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಬೇಕು.

ಬ್ಯಾಂಕ್ ಅಧಿಕಾರಿಯವರು ಆ ದೂರಿನ ಪತ್ರವನ್ನು ಕಳುಹಿಸಲಿಲ್ಲ. ಮರುವರ್ಷ ಮುಂಗೈ ಮೇಲೆ ಮೂರು ಸಮಯಗಳನ್ನು ಬರೆದುಕೊಂಡು ಓಡಿ, ನಾಲ್ಕು ಗಂಟೆಗೆ ಒಂದು ನಿಮಿಷ ಉಳಿದಿರುವಾಗಲೇ ಗೆರೆ ದಾಟಿದರು. ಗಡಿಯಾರದಲ್ಲಿ ಎಷ್ಟು ದೂರ ಬಂತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾರ ಕಳೆದು ಪಾರ್ಕಿಗೆ ಬಂದವರು ಶೂ ಬಿಚ್ಚಿ ತೋರಿಸಿ, “ಇದು 640 ಕಿಲೋಮೀಟರ್ ಓಡಿದೆ ಸರ್, ಬದಲಿಸಬೇಕೇ?” ಎಂದರು. ಗಡಿಯಾರದ ಆ ಲೆಕ್ಕದಲ್ಲಿ ಏಳೆಂಟು ಕಿಲೋಮೀಟರ್ ಹೆಚ್ಚುಕಡಿಮೆಯಾಗಿದ್ದರೂ ಇಲ್ಲಿ ಏನೂ ಕೆಡುವುದಿಲ್ಲ. ಅಟ್ಟೆಯನ್ನು ತಿರುಗಿಸಿ ನೋಡಿದೆ: ಬಲಗಾಲಿನ ಹಿಮ್ಮಡಿಯ ಹೊರಬದಿಯಲ್ಲಿ ರಬ್ಬರು ಪೂರ್ತಿ ಸವೆದು ಒಳಗಿನ ಮೃದು ಪದರ ಕಾಣುತ್ತಿತ್ತು. ಬದಲಿಸಿ ಎಂದೆ.