ನವೆಂಬರ್‌ನಲ್ಲಿ ಯೆಸ್ ಹಾಕಿದ್ವಲ್ಲ, ಆ ಬಾಂಡ್ ದುಡ್ಡು ಎಲ್ಲಿ?

ನನ್ನ ಕೆಲಸ ಲೋಕಲ್ ಗವರ್ನ್‌ಮೆಂಟ್‌ಗಳ ಸಾಲದ ಲೆಕ್ಕ ನೋಡೋದು. ಹಾಗಾಗಿ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಲಿರೋ ಕನ್ನಡದವರ ಮನೆಗೆ ಊಟಕ್ಕೆ ಹೋದ್ರೆ ಒಂದು ಪ್ರಶ್ನೆ ಗ್ಯಾರಂಟಿ. "2023ರಲ್ಲಿ ಸ್ಕೂಲಿಗೆ ಅಂತ 43.5 ಕೋಟಿ ಡಾಲರ್ ಬಾಂಡಿಗೆ ಯೆಸ್ ಹಾಕಿದ್ವಲ್ಲ, ನಮ್ಮ ಹುಡುಗನ ಸ್ಕೂಲಲ್ಲಿ ಇನ್ನೂ ತಾತ್ಕಾಲಿಕ ಟ್ರೇಲರ್ ಕ್ಲಾಸ್‌ರೂಮೇ ಇದೆ, ದುಡ್ಡು ಎಲ್ಲಿ ಹೋಯ್ತು?" ಎಲ್ಲೂ ಹೋಗಿಲ್ಲ. ಎಷ್ಟೋ ಸಲ ಆ ದುಡ್ಡು ಇನ್ನೂ ಬಂದೇ ಇರಲ್ಲ, ಜನಕ್ಕೆ ಇದೇ ತಲೆಗೆ ಹೋಗೋದು ಕಷ್ಟ.

ಊರಿಂದ ಓದ್ತಾ ಇರೋರಿಗೆ ಒಂದ್ ಮಾತು. ಕೌಂಟಿ ಅಂದ್ರೆ ಗಾತ್ರದಲ್ಲಿ ಹೆಚ್ಚುಕಮ್ಮಿ ನಮ್ಮ ಒಂದು ತಾಲ್ಲೂಕೋ ಸಣ್ಣ ಜಿಲ್ಲೆಯೋ ಅನ್ಕೊಳ್ಳಿ, 2020ರ ಸೆನ್ಸಸ್ ಪ್ರಕಾರ ಫೇರ್‌ಫ್ಯಾಕ್ಸಲ್ಲಿ 11.5 ಲಕ್ಷ ಜನ. ಆದ್ರೆ ಜಿಲ್ಲಾ ಪಂಚಾಯ್ತಿ ಥರ ಮೇಲಿಂದ ಅನುದಾನ ಬರ್ಲಿ ಅಂತ ಕಾಯ್ತಾ ಕೂರಲ್ಲ, ಮನೆ ಆಸ್ತಿ ಮೇಲಿನ ತೆರಿಗೆ ತಾನೇ ಹಾಕಿ, ಬಾಂಡ್ ಅನ್ನೋ ಸಾಲಪತ್ರ ಮಾರಿ ಸಾಲ ತಾನೇ ಎತ್ತಿ, ಸ್ಕೂಲು, ಫೈರ್ ಸ್ಟೇಷನ್ನು, ಲೈಬ್ರರಿ, ಪಾರ್ಕು, ಚರಂಡಿ ಎಲ್ಲಾ ತಾನೇ ಕಟ್ಟುತ್ತೆ. ರಸ್ತೆ ಮಾತ್ರ ಕಟ್ಟಲ್ಲ ಅನ್ನಬಹುದು, ಯಾಕಂದ್ರೆ ವರ್ಜೀನಿಯಾದಲ್ಲಿ 1932ರಿಂದ ಕೌಂಟಿ ರಸ್ತೆಗಳ ಜವಾಬ್ದಾರಿ ಸ್ಟೇಟ್ ಗವರ್ನ್‌ಮೆಂಟ್‌ದು, ಹೆನ್ರೈಕೊ ಮತ್ತೆ ಆರ್ಲಿಂಗ್ಟನ್ ಎರಡು ಕೌಂಟಿ ಬಿಟ್ಟು. ಮನೆ ಮುಂದಿನ ಗುಂಡಿಗೆ ಕೌಂಟಿ ಸೂಪರ್ವೈಸರ್‌ಗೆ (ಅಂದ್ರೆ ಕೌಂಟಿ ನಡೆಸೋ ಬೋರ್ಡಿಗೆ ಜನ ಆರಿಸಿದ ಸದಸ್ಯರಿಗೆ) ಬೈದು ಇಮೇಲ್ ಹಾಕೋರು ಇದನ್ನ ಒಂಚೂರು ನೆನಪಿಟ್ಕೊಂಡ್ರೆ ಒಳ್ಳೇದು.

ಇಷ್ಟನ್ನೂ ಪ್ಲಾನ್ ಮಾಡೋ ದಾಖಲೆಗೆ ಕ್ಯಾಪಿಟಲ್ ಇಂಪ್ರೂವ್‌ಮೆಂಟ್ ಪ್ರೋಗ್ರಾಮ್ ಅಂತಾರೆ, ಆಫೀಸಲ್ಲಿ ಎಲ್ಲರ ಬಾಯಲ್ಲೂ ಸಿಐಪಿ. ಮುಂದಿನ ಐದು ವರ್ಷದ ಒಂದೊಂದು ವರ್ಷಕ್ಕೂ ಒಂದೊಂದು ಕಾಲಮ್, ಅದರ ಆಚೆಗೆ ಇನ್ನೈದು ವರ್ಷ ಸೇರಿಸಿ ಒಂದು ಕಾಲಮ್. ಪ್ರಾಜೆಕ್ಟಿನ ಹೆಸರು, ಒಟ್ಟು ಖರ್ಚು, ದುಡ್ಡಿನ ಮೂಲ, ಯಾವ ವರ್ಷ ಎಷ್ಟು. ಮೊದಲ ವರ್ಷದ ಕಾಲಮ್ ಮಾತ್ರ ನಿಜವಾಗ್ಲೂ ಬಜೆಟ್ಟು, ಮಿಕ್ಕಿದ್ದೆಲ್ಲ ಪ್ಲಾನು, ಪ್ರತಿ ವರ್ಷ ತಿದ್ದುಪಡಿ ಆಗ್ತಾನೇ ಇರುತ್ತೆ. ನಾಲ್ಕನೇ ಕಾಲಮಲ್ಲಿ ತಮ್ಮ ಏರಿಯಾದ ಕಮ್ಯುನಿಟಿ ಸೆಂಟರ್ ನೋಡಿ ಖುಷಿ ಪಡೋರನ್ನ ನೋಡಿದ್ರೆ ನಂಗೆ ಸ್ವಲ್ಪ ಪಾಪ ಅನ್ಸುತ್ತೆ.

ಈಗ ಬಾಂಡಿಗೆ ಬರೋಣ. ವರ್ಜೀನಿಯಾ ಸಂವಿಧಾನದ ಏಳನೇ ವಿಧಿಯ ಹತ್ತನೇ ಸೆಕ್ಷನ್ ಪ್ರಕಾರ ಸಿಟಿಗಳು ಒಂದು ಮಿತಿ ಒಳಗೆ ವೋಟಿಲ್ಲದೆ ಸಾಲ ಮಾಡಬಹುದು, ಆದ್ರೆ ಕೌಂಟಿ ತನ್ನ ಪೂರ್ತಿ ತೆರಿಗೆ ಬಲ ಅಡ ಇಟ್ಟು ಜನರಲ್ ಆಬ್ಲಿಗೇಶನ್ ಬಾಂಡ್ ತರಬೇಕು ಅಂದ್ರೆ ಮಾಮೂಲಿಯಾಗಿ ಜನರ ವೋಟ್ ಬೇಕು. ಪಕ್ಕದ ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಲಿ ಹೀಗಿಲ್ಲ, ಅಲ್ಲಿ ಕೌನ್ಸಿಲ್ಲೇ ತೀರ್ಮಾನ ಮಾಡುತ್ತೆ. ಹಾಗಾಗಿ ಪೊಟೊಮ್ಯಾಕ್ ನದಿಯ ಈ ದಡದಲ್ಲಿರೋರಿಗೆ ಮಾತ್ರ ನವೆಂಬರ್ ಬ್ಯಾಲೆಟ್ಟಿನ ಕೊನೇಲಿ ಆ ಉದ್ದನೆಯ ಕಾನೂನು ಭಾಷೆಯ ಪ್ರಶ್ನೆ ಕಾಣ್ಸೋದು. ಅದರಲ್ಲಿ ಕೇಳಿರೋದು ಇಷ್ಟೇ: ಗರಿಷ್ಠ ಇಷ್ಟು ಅಸಲಿನ ತನಕ ಸಾಲ ಮಾಡೋಕೆ ಕೌಂಟಿಗೆ ಪರ್ಮಿಷನ್ ಕೊಡ್ತೀರಾ? ಯೆಸ್ ಅಂದ್ರೆ ಪರ್ಮಿಷನ್ ಸಿಕ್ಕಿತು. ಅವತ್ತು ಒಂದು ಡಾಲರೂ ಖಾತೆಗೆ ಬರಲ್ಲ. ಆ ಪರ್ಮಿಷನ್ ಎಂಟು ವರ್ಷ ಚಾಲ್ತಿಲಿರುತ್ತೆ, ಕೋರ್ಟಿಗೆ ಅರ್ಜಿ ಹಾಕಿ ಇನ್ನೆರಡು ವರ್ಷ ಎಳೆಯಬಹುದು.

ನಿಜವಾದ ಬಾಗಿಲು ಇರೋದು ಇದರ ಮುಂದೆ. ಫೇರ್‌ಫ್ಯಾಕ್ಸ್ ಬೋರ್ಡ್ 1975ರಲ್ಲಿ ಹಣಕಾಸಿನ ಶಿಸ್ತಿಗೆ ಅಂತ ಹತ್ತು ಸೂತ್ರ ಮಾಡ್ಕೊಂಡ್ತು, ಆಮೇಲೆ ಆಗಾಗ ತಿದ್ದುಪಡಿ ಆಗಿದೆ, ಆದ್ರೆ ಮುಖ್ಯ ಎರಡು ಗೆರೆ ಇವತ್ತಿಗೂ ಇದೆ. ಒಟ್ಟು ಸಾಲ ಕೌಂಟಿಯ ತೆರಿಗೆ ಬೀಳೋ ಆಸ್ತಿಗಳ ಮಾರ್ಕೆಟ್ ಬೆಲೆಯ 3% ದಾಟಬಾರ್ದು, ವರ್ಷದ ಸಾಲದ ಕಂತು ಜನರಲ್ ಫಂಡ್ (ಕೌಂಟಿಯ ಮಾಮೂಲಿ ಖರ್ಚಿನ ಮುಖ್ಯ ಖಾತೆ) ಖರ್ಚಿನ 10% ದಾಟಬಾರ್ದು. ಇದರ ಮೇಲೆ ಇನ್ನೊಂದು ಮಿತಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ: ಒಂದು ವರ್ಷದಲ್ಲಿ ಮಾರೋ ಬಾಂಡಿನ ಮೊತ್ತಕ್ಕೇ ಒಂದು ಸೀಲಿಂಗ್. ತುಂಬಾ ವರ್ಷ ಅದು 30 ಕೋಟಿ ಡಾಲರ್ ಇತ್ತು, ಅದರಲ್ಲಿ 18 ಕೋಟಿ ಸ್ಕೂಲಿಗೆ, 12 ಕೋಟಿ ಮಿಕ್ಕಿದ್ದಕ್ಕೆಲ್ಲ. 2021ರಲ್ಲಿ ಕೌಂಟಿ ಬೋರ್ಡು ಸ್ಕೂಲ್ ಬೋರ್ಡು ಸೇರಿ ಒಂದು ಜಂಟಿ ಕಮಿಟಿ ಕೂತು, ಇದನ್ನ 40 ಕೋಟಿಗೆ ಏರಿಸೋಣ, ಹೆಚ್ಚಾದ 10 ಕೋಟಿನ ಇಬ್ಬರೂ ಅರ್ಧರ್ಧ ಹಂಚಿಕೊಳ್ಳೋಣ, ಒಂದೇ ಸಲಕ್ಕಲ್ಲ ಹಂತ ಹಂತವಾಗಿ, ಅಂತ ಹೇಳ್ತು.

ಈಗ ಲೆಕ್ಕ ಹಾಕಿ ನೋಡಿ. ಸ್ಕೂಲಿನ ಪಾಲಿಗೆ ವರ್ಷಕ್ಕೆ 23 ಕೋಟಿ ಅನ್ಕೊಂಡ್ರೂ ಒಂದು 43.5 ಕೋಟಿಯ ಬಾಂಡ್ ಪ್ರಶ್ನೆ ಖಾಲಿ ಆಗೋಕೇ ಹತ್ತಿರ ಹತ್ತಿರ ಎರಡು ವರ್ಷ ಬೇಕು, ಅಷ್ಟರಲ್ಲಿ ಹಿಂದಿನ ವೋಟಿನದ್ದು ಮಾರದೇ ಉಳಿದಿರೋ ಬಾಕಿ ಬೇರೆ ಮುಂದೆ ನಿಂತಿರುತ್ತೆ. ಸ್ಕೂಲುಗಳ ರಿನೊವೇಶನ್‌ಗೆ 2009ರಲ್ಲಿ ಮಾಡಿದ ಕ್ಯೂ ಇದೆಯಲ್ಲ, ಅದು ಒಂದೂವರೆ ದಶಕ ಆದ್ರೂ ತೆವಳ್ತಾನೇ ಬಂತು. ಒಂದು ಸ್ಕೂಲಿಗೆ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೊಮ್ಮೆ ಪೂರ್ತಿ ರಿನೊವೇಶನ್ ಆಗಬೇಕು ಅನ್ನೋದು ಗುರಿ, ಆದ್ರೆ ಹಳೇ ಸೀಲಿಂಗಲ್ಲಿ ಸರದಿ ಬರ್ತಿದ್ದಿದ್ದು ಮೂವತ್ತು ವರ್ಷ ದಾಟಿದ ಮೇಲೆ. ಯಾರೋ ದುಡ್ಡು ಹೊಡೆದ್ರು ಅಂತಲ್ಲ, ಬಾಗಿಲೇ ಅಷ್ಟು ಕಿರಿದು.

ಹಂಗಾದ್ರೆ ಸೀಲಿಂಗ್ ತೆಗೆದು ಹಾಕಿ ಅಂತ ಕೇಳ್ತಾರೆ, ನ್ಯಾಯವಾದ ಪ್ರಶ್ನೆನೇ, ಆಸ್ತಿ ಮೌಲ್ಯದ 3% ಗೆರೆಯಿಂದ ಕೌಂಟಿ ಎಷ್ಟೋ ದೂರದಲ್ಲಿದೆ. ತೊಂದ್ರೆ ಇರೋದು ಕಂತಲ್ಲಿ. 40 ಕೋಟಿ ಸಾಲ, ಇಪ್ಪತ್ತು ವರ್ಷ, ಪ್ರತಿ ವರ್ಷ ಸಮ ಅಸಲು, ಬಡ್ಡಿ ಸುಮ್ನೆ ಲೆಕ್ಕಕ್ಕೆ 4% ಅಂತ ಇಟ್ಕೊಳ್ಳಿ. ಅಸಲು 2 ಕೋಟಿ, ಮೊದಲ ವರ್ಷದ ಬಡ್ಡಿ 1.6 ಕೋಟಿ, ಒಟ್ಟು 3.6 ಕೋಟಿ ಡಾಲರ್. ಇಲ್ಲಿ ಆಸ್ತಿ ತೆರಿಗೆ ನೂರು ಡಾಲರ್ ಮೌಲ್ಯಕ್ಕೆ ಇಷ್ಟು ಅಂತ, ಆ ದರದಲ್ಲಿ ಒಂದು ಪೆನ್ನಿ, ಅಂದ್ರೆ ಒಂದು ಸೆಂಟು, ಏರಿಸಿದ್ರೆ ಕೌಂಟಿಗೆ ಮೂರು ಕೋಟಿ ಡಾಲರಿಗಿಂತ ಸ್ವಲ್ಪ ಜಾಸ್ತಿ. ಅಂದ್ರೆ ಒಂದೇ ವರ್ಷದ ಬಾಂಡ್ ಮಾರಾಟ ಹತ್ತಿರ ಹತ್ತಿರ ಒಂದು ಪೆನ್ನಿ ನುಂಗುತ್ತೆ, ಪ್ರತಿ ವರ್ಷ ಹೀಗೇ ಹೊಸ ಪದರ ಕೂರ್ತಾ ಹೋಗುತ್ತೆ. ಹಳೇ ಬಾಂಡು ತೀರೋದೂ ಇದೆ ಅನ್ನಿ, ಅದಿಲ್ದಿದ್ರೆ ಈ ಆಟ ಯಾವತ್ತೋ ಮುಗಿದಿರ್ತಿತ್ತು. ಟೀಚರ್ ಸಂಬಳ, ಪೊಲೀಸ್ ಸಂಬಳ ಬರೋ ಅದೇ ಜನರಲ್ ಫಂಡಿಂದಲೇ ಈ ಕಂತೂ ಹೋಗೋದು. 2026ರ ಜನವರಿಯಿಂದ ಇಲ್ಲಿ ಹೋಟೆಲ್ ಊಟದ ಮೇಲೆ 4% ಮೀಲ್ಸ್ ಟ್ಯಾಕ್ಸ್ ಬಂದಿದೆ, 2016ರಲ್ಲಿ ಜನ ವೋಟ್ ಹಾಕಿ ಬೇಡ ಅಂದಿದ್ದೇ ಟ್ಯಾಕ್ಸು, ಆಮೇಲೆ ಸ್ಟೇಟ್ ಕಾನೂನು ಬದಲಾಗಿ ವೋಟಿಲ್ಲದೇ ಹಾಕಬಹುದು ಅಂತಾಯ್ತು. ಮಸಾಲೆದೋಸೆ ಬಿಲ್ಲಲ್ಲಿ ಹೊಸ ಸಾಲು ನೋಡಿ ಸಿಟ್ಟು ಮಾಡ್ಕೊಳ್ಳೋರಿಗೆ ಸಂಬಳವೂ ಕಂತೂ ಒಟ್ಟಿಗೆ ಏರ್ತಾ ಇರೋದು ಕಾಣ್ಸಲ್ಲ.

ಇನ್ನೊಂದು ಕಾರಣ ರೇಟಿಂಗು, ಅಂದ್ರೆ ಸಾಲ ತೀರಿಸೋ ತಾಕತ್ತಿಗೆ ರೇಟಿಂಗ್ ಕಂಪನಿಗಳು ಕೊಡೋ ಗ್ರೇಡು. ಮೂಡೀಸ್‌ನವರು 1975ರಿಂದ, ಎಸ್ ಅಂಡ್ ಪಿ 1978ರಿಂದ, ಫಿಚ್ 1997ರಿಂದ ಈ ಕೌಂಟಿಗೆ ಎಲ್ಲಕ್ಕಿಂತ ಮೇಲಿನ ಗ್ರೇಡಾದ ಟ್ರಿಪಲ್ ಎ ಕೊಟ್ಕೊಂಡು ಬಂದಿದ್ದಾರೆ. ಅವರು ಕೂತು ನೋಡೋದು ಬರೀ ಸಾಲ ಎಷ್ಟಿದೆ ಅಂತಲ್ಲ, ನೀವೇ ಹಾಕ್ಕೊಂಡ ಗೆರೆ ನೀವೇ ದಾಟ್ತೀರಾ ಅಂತ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿ ಆಸುಪಾಸು, ಬಾಂಡನ್ನ ಹರಾಜಿಗೆ ಇಟ್ಟಾಗ ಬ್ಯಾಂಕುಗಳು ಬಿಡ್ ಮಾಡೋ ಬಡ್ಡಿಲಿ ಈ ಮೂರು ಅಕ್ಷರದ ಬೆಲೆ ಗೊತ್ತಾಗುತ್ತೆ.

ದುಡ್ಡು ಬಂದ ಮೇಲೂ ಟೈಮ್ ಹಿಡಿಯುತ್ತೆ. ಲಾರ್ಟನ್‌ನ ಸೌತ್ ಕೌಂಟಿ ಪೊಲೀಸ್ ಸ್ಟೇಷನ್ ತಗೊಳ್ಳಿ, ಅದರ ಜೊತೆಗೇ ಒಂದು ಅನಿಮಲ್ ಶೆಲ್ಟರು. 2015ರ ನವೆಂಬರಲ್ಲಿ 15.1 ಕೋಟಿ ಡಾಲರಿನ ಪಬ್ಲಿಕ್ ಸೇಫ್ಟಿ ಬಾಂಡ್ ಪಾಸ್ ಆಯ್ತು, ಅದರೊಳಗೆ ಇದೂ ಒಂದು. ಬಾಗಿಲು ತೆಗೆದಿದ್ದು 2023ರಲ್ಲಿ. ಎಂಟು ವರ್ಷದಲ್ಲಿ ಏನ್ ಮಾಡ್ತಿದ್ರು ಅಂದ್ರೆ ಡಿಸೈನು, ಪ್ಲಾನಿಂಗ್ ಕಮಿಷನ್ ಅಪ್ರೂವಲ್ಲು, ಸೈಟ್ ಪ್ಲಾನು, ಟೆಂಡರು, ಆಮೇಲೆ ಕಟ್ಟಡ, ಇಷ್ಟೂ ಒಂದರ ಬಾಲ ಹಿಡ್ಕೊಂಡು ಇನ್ನೊಂದು. ಆದ್ರೆ ಈ ಪ್ರಾಜೆಕ್ಟ್ ನಂಗೆ ಇಷ್ಟ ಆಗೋದು ಬೇರೆ ಕಾರಣಕ್ಕೆ. ಹೊಸ ಸ್ಟೇಷನ್ ಅಂದ್ರೆ ಹೊಸ ಪೊಲೀಸ್ ಡಿಸ್ಟ್ರಿಕ್ಟು, ಅಂದ್ರೆ ಹೊಸ ಆಫೀಸರ್‌ಗಳು, ಅವರನ್ನ ಸೇರಿಸ್ಕೊಂಡು ಅಕಾಡೆಮಿಗೆ ಕಳ್ಸಿ ತಯಾರು ಮಾಡೋದು ರಾತ್ರೋರಾತ್ರಿ ಆಗೋ ಕೆಲಸ ಅಲ್ಲ, ಅದಕ್ಕೇ ಕಟ್ಟಡ ಏಳೋಕೆ ಮುಂಚೇನೇ ಹಲವು ವರ್ಷ ಬಜೆಟ್ಟಲ್ಲಿ ಸ್ವಲ್ಪ ಸ್ವಲ್ಪ ಹುದ್ದೆ ಸೇರಿಸ್ತಾ ಬಂದ್ರು. ಆ ಖರ್ಚು ಬಾಂಡಿಂದ ಬರಲ್ಲ. ಬಾಂಡು ಇಟ್ಟಿಗೆ ಕಾಂಕ್ರೀಟಿಗೆ, ಸಂಬಳ ಕರೆಂಟು ಕ್ಲೀನಿಂಗು ಪ್ರತಿ ವರ್ಷದ ತೆರಿಗೆಯಿಂದ. ಲೈಬ್ರರಿ ಕಟ್ಟಿ ಅಂತ ವೋಟ್ ಕೇಳೋರು ಲೈಬ್ರರಿಯನ್ ಸಂಬಳದ ಸಾಲನ್ನ ಅದೇ ಪುಟದಲ್ಲಿ ತೋರಿಸದೇ ಇದ್ರೆ ನಾನಂತೂ ಆ ಪ್ರಾಜೆಕ್ಟನ್ನ ಅರ್ಧ ಪ್ಲಾನ್ ಅಂತಾನೇ ಲೆಕ್ಕ ಹಾಕ್ತೀನಿ.

ವೋಟಿಗೆ ಹೋಗದೇ ಕಟ್ಟೋ ದಾರಿಗಳೂ ಇವೆ. ಎಕನಾಮಿಕ್ ಡೆವಲಪ್‌ಮೆಂಟ್ ಅಥಾರಿಟಿ ಹೆಸರಲ್ಲಿ ಬಾಂಡ್ ತೆಗೆದು ಕೌಂಟಿ ವರ್ಷ ವರ್ಷ ಕಟ್ಕೊಂಡು ಹೋಗೋದು, ಪಬ್ಲಿಕ್ ಸೇಫ್ಟಿ ಹೆಡ್‌ಕ್ವಾರ್ಟರ್ಸ್ ಹಾಗೇ ಆಗಿದ್ದು. ಕಾನೂನು ಪ್ರಕಾರ ಸರಿ, ಬಡ್ಡಿ ಸ್ವಲ್ಪ ಜಾಸ್ತಿ, ರೇಟಿಂಗ್‌ನವರು ಇದನ್ನೂ ಸಾಲ ಅಂತಲೇ ಎಣಿಸ್ತಾರೆ. ಮಳೆನೀರಿನ ಚರಂಡಿಗೆ ಪ್ರತ್ಯೇಕ ಸರ್ವಿಸ್ ಡಿಸ್ಟ್ರಿಕ್ಟ್ ತೆರಿಗೆ, ನೂರು ಡಾಲರಿಗೆ 3.25 ಸೆಂಟು. ಸಿಲ್ವರ್ ಲೈನ್ ಮೆಟ್ರೊಗೆ ಕೌಂಟಿ ಪಾಲು ಒಟ್ಟು ಖರ್ಚಿನ 16.1%, ಅದರಲ್ಲಿ ದೊಡ್ಡ ಭಾಗಕ್ಕೆ ಟೈಸನ್ಸ್ ಮತ್ತೆ ರೆಸ್ಟನ್ ಕಡೆಯ ಕಮರ್ಶಿಯಲ್ ಆಸ್ತಿಗಳ ಮೇಲೆ ವಿಶೇಷ ತೆರಿಗೆ ಹಾಕಿದ್ರು. ರೈಲು ಬಂದ್ರೆ ಯಾರ ಜಾಗದ ಬೆಲೆ ಏರುತ್ತೋ ಅವರೇ ಜಾಸ್ತಿ ಕೊಡ್ಲಿ ಅಂತ, ನಂಗಂತೂ ಇದಕ್ಕಿಂತ ನ್ಯಾಯದ ಹಂಚಿಕೆ ಕಂಡಿಲ್ಲ.

ಇಷ್ಟೆಲ್ಲ ಆದ್ರೂ ಅನಾಥ ಆಗಿರೋದು ಒಂದೇ, ಹಳೇ ಕಟ್ಟಡದ ರಿಪೇರಿ. ರೂಫು, ಬಾಯ್ಲರು, ಚಿಲ್ಲರು, ಲಿಫ್ಟು, ಪಾರ್ಕಿಂಗ್ ಲಾಟಿನ ಟಾರು. ಹತ್ತು ಹನ್ನೆರಡು ವರ್ಷ ಬಾಳೋ ವಸ್ತುವಿಗೆ ಇಪ್ಪತ್ತು ವರ್ಷದ ಸಾಲ ಮಾಡೋ ಹಾಗಿಲ್ಲ, ಮಾಡಿದ್ರೆ ವಸ್ತು ಗುಜರಿಗೆ ಹೋದ ಮೇಲೂ ಕಂತು ಕಟ್ಟಬೇಕು. ಹಾಗಾಗಿ ಇದಕ್ಕೆ ನಗದು ಬೇಕು, ಇಲ್ಲಿ ಅದಕ್ಕೆ ಪೇಡೌನ್ ಅಂತಾರೆ. ಬಜೆಟ್ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳೋದೂ ಇದಕ್ಕೇ, ಯಾಕಂದ್ರೆ ಬಾಯ್ಲರ್ ಇನ್ನೊಂದು ವರ್ಷ ಓಡುತ್ತೆ ಅಂತ ಹೇಳೋಕೆ ಯಾರಿಗೂ ಕಷ್ಟ ಆಗಲ್ಲ. 2014ರ ಆರ್ಥಿಕ ವರ್ಷದಲ್ಲಿ ಕೌಂಟಿ ರಿಪೇರಿಗೆ ಅಂತಲೇ ಒಂದು ಸಿಂಕಿಂಗ್ ಫಂಡ್ (ಮೀಸಲು ನಿಧಿ) ಮಾಡ್ತು, ವರ್ಷದ ಕೊನೇಲಿ ಖರ್ಚಾಗದೇ ಉಳಿದ ದುಡ್ಡಲ್ಲಿ ತೀರಾ ಅಗತ್ಯದ್ದು ಕಳೆದು ಮಿಕ್ಕಿದ್ದರ 20% ಇದಕ್ಕೆ ಹೋಗ್ಲಿ ಅಂತ, ಆಮೇಲೆ 2021ರ ಜಂಟಿ ಕಮಿಟಿ ಅದನ್ನ 30%ಗೆ ಏರಿಸಿ ಸ್ಕೂಲುಗಳಿಗೂ ಪಾಲು ಕೊಡಿ ಅಂತು. ಐಡಿಯಾ ಒಳ್ಳೇದೇ, ಆದ್ರೆ ಉಳಿದಿದ್ದರಲ್ಲಿ ಪಾಲು ಅಂದ್ಮೇಲೆ ಉಳೀದೇ ಇರೋ ವರ್ಷ ಏನೂ ಇಲ್ಲ, ಮತ್ತೆ ರಿಪೇರಿ ಬೇಕಾಗೋದು ಅದೇ ವರ್ಷಾನೇ. ನನ್ನ ಕೇಳಿದ್ರೆ ಬೋರ್ಡು ಇದಕ್ಕೆ ಅರ್ಧ ಪೆನ್ನಿನಾದ್ರೂ ಗಟ್ಟಿಯಾಗಿ ತೆಗೆದಿಡಬೇಕು, ಚರಂಡಿಗೆ ಇಟ್ಟ ಹಾಗೆ. ಹೇಳೋದು ಸುಲಭ, ಎಲೆಕ್ಷನ್ ವರ್ಷದಲ್ಲಿ ಬಾಯ್ಲರ್ ಹೆಸರಲ್ಲಿ ತೆರಿಗೆ ಏರಿಸೋ ಸೂಪರ್ವೈಸರ್ ಸಿಗೋದು ಕಷ್ಟ.

ನಿಮ್ಮ ಮಕ್ಕಳ ಸ್ಕೂಲಿನ ಸರದಿ ಯಾವಾಗ ಅಂತ ನಿಜವಾಗ್ಲೂ ಗೊತ್ತಾಗಬೇಕಾ? ಫೆಬ್ರವರಿಲಿ ಕೌಂಟಿ ಎಕ್ಸಿಕ್ಯೂಟಿವ್ (ಕೌಂಟಿಯ ಮುಖ್ಯ ಆಡಳಿತಾಧಿಕಾರಿ) ಮಂಡಿಸೋ ಬಜೆಟ್ ಜೊತೆ ಸಿಐಪಿನೂ ಹೊರಗೆ ಬರುತ್ತೆ. ಅದರಲ್ಲಿ ಪ್ರಾಜೆಕ್ಟ್ ಹೆಸರು ಹುಡುಕಿ, ದುಡ್ಡಿನ ಮೂಲದ ಜಾಗದಲ್ಲಿ ಬಾಂಡ್ ಅಂತಿದ್ರೆ ಆ ಬಾಂಡಿಗೆ ವೋಟ್ ಆಗಿದ್ಯಾ ಇಲ್ಲ ಮುಂದೆ ಆಗಬೇಕಾ ನೋಡಿ, ಯಾವ ಕಾಲಮಲ್ಲಿ ಡಿಸೈನ್ ದುಡ್ಡಿದೆ ಯಾವುದರಲ್ಲಿ ಕಟ್ಟೋ ದುಡ್ಡಿದೆ ನೋಡಿ. ಡಿಸೈನ್ ಮಾತ್ರ ಇದ್ರೆ ಇನ್ನೂ ಮೂರು ನಾಲ್ಕು ವರ್ಷಾನಾದ್ರೂ ದೂರ. ಮಾರ್ಚಲ್ಲಿ ಪ್ಲಾನಿಂಗ್ ಕಮಿಷನ್ ಮುಂದೆ ಪಬ್ಲಿಕ್ ಹಿಯರಿಂಗ್ ಇರುತ್ತೆ, ಯಾರು ಬೇಕಾದ್ರೂ ಹೆಸರು ಬರೆಸಬಹುದು, ಸಿಟಿಜನ್ ಆಗಿರಬೇಕು ಅಂತಿಲ್ಲ. ಏಪ್ರಿಲ್ ಕೊನೇ ಮೇ ಮೊದಲ ವಾರಕ್ಕೆ ಬೋರ್ಡ್ ಪಾಸ್ ಮಾಡ್ಬಿಡುತ್ತೆ, ಆಮೇಲೆ ಕೇಳಿದ್ರೆ ಮುಂದಿನ ಫೆಬ್ರವರಿ ತನಕ ಕಾಯಬೇಕು.